ಕಟಮಾರಿ ರೀರೋಲ್: ಹಳೇ ಕಂಟ್ರೋಲಲ್ಲೇ ಒದ್ದಾಡ್ಬೇಕಾ, ಸಿಂಪಲ್‌ಗೆ ಹೋಗ್ಲಾ?

ಉಂಡೆರಾಯ:
ಪ್ಲೇಸ್ಟೇಷನ್ 2 (ಪಿಎಸ್2) ಕಾಲದಲ್ಲಿ ಕಟಮಾರಿ ಡಮಾಸಿ ಆಡಿದೋರು ಯಾರಾದ್ರೂ ಇದೀರಾ? ಅದೇ 2004ರ ಗೇಮು, ರಾಜ ಆಕಾಶದಲ್ಲಿರೋ ನಕ್ಷತ್ರ ಎಲ್ಲ ಒಡೆದು ಹಾಕಿ, 5 ಸೆಂಟಿಮೀಟರ್ ಇರೋ ಮಗನ ಕೈಗೆ ತನಗಿಂತ ಸಣ್ಣ ಸಾಮಾನೆಲ್ಲ ಅಂಟಿಸ್ಕೊಂಡು ಬೆಳೆಯೋ ಒಂದು ಅಂಟುಂಡೆ (ಕಟಮಾರಿ) ಕೊಟ್ಟು ರಿಪೇರಿ ಮಾಡು ಹೋಗು ಅಂತ ಭೂಮಿಗೆ ಅಟ್ತಾನಲ್ಲ, ಅದು. ಈಗ ನಿಂಟೆಂಡೊ ಸ್ವಿಚ್‌ನಲ್ಲಿ ಅದನ್ನೇ ಹೊಸದಾಗಿ ಮಾಡಿರೋ ರೀರೋಲ್ ಆಡ್ತಿದೀನಿ. ಚಿತ್ರ ಚೊಕ್ಕವಾಗಿದೆ, ಮ್ಯೂಸಿಕ್ ಕೇಳಿದ್ರೆ ಇವತ್ತಿಗೂ ತಲೆ ತಾನಾಗೇ ಆಡುತ್ತೆ, ಆದ್ರೆ ಕೈ ಮಾತ್ರ ಮಾತೇ ಕೇಳ್ತಿಲ್ಲ ಮಾರಾಯ್ರೆ. ಕಂಟ್ರೋಲರ್‌ನ ಎರಡೂ ಸ್ಟಿಕ್ ಒಟ್ಟಿಗೆ ಮುಂದೆ ತಳ್ಳಿದ್ರೆ ನೆಟ್ಟಗೆ ಹೋಗುತ್ತೆ, ಒಂದು ಮುಂದೆ ಒಂದು ಹಿಂದೆ ಮಾಡಿದ್ರೆ ತಿರುಗುತ್ತೆ, ಇಷ್ಟು ಗೊತ್ತು, ಆದ್ರೂ ಮೇಜಿನ ಕಾಲ ಸಂದೀಲಿ ಸಿಕ್ಕಾಕೊಂಡು ಒದ್ದಾಡ್ತಿರ್ತೀನಿ, ಅಷ್ಟರಲ್ಲಿ ಯಾವ್ದೋ ಬೆಕ್ಕು ಬಂದು ಗುದ್ದಿ ಅಂಟಿದ್ದ ಪಿನ್ನು ದಾಳ ರಬ್ಬರೆಲ್ಲ ಉದುರಿಸಿ ಹೋಗುತ್ತೆ. ಇದ್ರಲ್ಲಿ ಸಿಂಪಲ್ ಕಂಟ್ರೋಲ್ ಅಂತ ಆಪ್ಷನ್ ಕೊಟ್ಟಿದಾರೆ. ಅದಕ್ಕೆ ಹೋದ್ರೆ ಮಜಾ ಕೆಡುತ್ತಾ?

ಹಳೆ_ಜಾಯ್‌ಸ್ಟಿಕ್:
ಹೋಗ್ಬೇಡಿ ಸಾರ್, ದಯವಿಟ್ಟು. ಆ ಎಡವಟ್ಟೇ ಈ ಗೇಮಿನ ಜೀವ. ಒಂದು ಪೆನ್ಸಿಲ್ ಅಡ್ಡಡ್ಡ ಅಂಟಿದ ತಕ್ಷಣ ಉಂಡೆ ಕುಂಟ್ಕೊಂಡು ಕುಂಟ್ಕೊಂಡು ಉರುಳುತ್ತಲ್ಲ, ಆ ಭಾರ ಎರಡು ಹೆಬ್ಬೆರಳಿಗೂ ಗೊತ್ತಾಗ್ಬೇಕು. ಅಲ್ಲಿಂದ ಶುರು ಮಾಡಿ ಮನುಷ್ಯರು, ಕಾರು, ಬಿಲ್ಡಿಂಗು ಅಂತ ನುಂಗ್ತಾ ಹೋಗಿ ಕೊನೇಗೆ ಚಂದ್ರನ್ನ ಮಾಡೋಕೆ 300 ಮೀಟರ್ ಉಂಡೆ ಕಟ್ಟೋವಾಗ ಸಿಗೋ ಖುಷಿ ಬೇರೇನೇ. ಎರಡು ಟ್ರಿಕ್ ನೆನಪಿಟ್ಕೊಳ್ಳಿ ಸಾಕು: ಸ್ಟಿಕ್‌ಗಳನ್ನ ಒಂದಾದ್ಮೇಲೊಂದು ಪಟಪಟ ಮೇಲೆ ಕೆಳಗೆ ಆಡಿಸಿದ್ರೆ ಡ್ಯಾಶು (ಉಂಡೆ ಜೋರಾಗಿ ನುಗ್ಗುತ್ತೆ), ಎರಡನ್ನೂ ಒಟ್ಟಿಗೆ ಒಳಗೆ ಒತ್ತಿದ್ರೆ ರಾಜಕುಮಾರ ಉಂಡೆ ಮೇಲಿಂದ ಹಾರಿ ಆಚೆ ಕಡೆಗೆ ಬರ್ತಾನೆ. ಸಂದೀಲಿ ಸಿಕ್ಕಾಕೊಂಡಾಗ ಎರಡನೇದು. ಮತ್ತೆ ಸ್ವಿಚ್ ಜೊತೆ ಬರೋ ಪುಟ್ಟ ಕಂಟ್ರೋಲರ್ ಜಾಯ್‌ಕಾನ್‌ನ ಸ್ಟಿಕ್ ತುಂಬಾ ಗಿಡ್ಡ, ದೊಡ್ಡ ಕಂಟ್ರೋಲರ್ ಇದ್ರೆ ಅದ್ರಲ್ಲಾಡಿ.

ಸುಮ್ನೆಒಬ್ಳು:
ಅಯ್ಯೋ ಸಿಂಪಲ್ಲಲ್ಲೇ ಆಡಿ, ಯಾರೂ ಬಂದು ಮೆಡಲ್ ಕಿತ್ಕೊಳಲ್ಲ. ಹೇಗಾಡಿದ್ರೂ ಆ ರಾಜ ಬೈಯೋದಂತೂ ಬಿಡಲ್ಲ 😂 ನಂಗೆ ಮಾತ್ರ ಆದಷ್ಟು ದೊಡ್ಡ ಹಸುನೋ ಕರಡಿನೋ ಅಂಟಿಸ್ಕೋಬೇಕಾದ ಸ್ಟೇಜಲ್ಲಿ ಹಳೇ ಕಂಟ್ರೋಲೇ ಬೇಕು. ಅಲ್ಲಿ ಮೊದಲು ಅಂಟಿದ ಹಸುಗೇ ಸ್ಟೇಜು ಮುಗೀತು, ಅದೆಷ್ಟೇ ಪುಟಾಣಿ ಆಗಿರ್ಲಿ. ದೊಡ್ಡ ಹಸು ಹಿಡಿಯೋಣ ಅಂತ ಉಂಡೆ ಬೆಳೆಸ್ತಾ ಇರ್ತೀವಿ, ಎಲ್ಲೋ ಮೂಲೇಲಿದ್ದ ಆಟಿಕೆ ಹಸು ತಾಗಿ ಎಲ್ಲ ಎಕ್ಕುಟ್ಟೋಗುತ್ತೆ. ಆ ಸ್ಟೇಜ್ ಡಿಸೈನ್ ಮಾಡಿದೋರಿಗೆ ಏನ್ ಹೇಳ್ಬೇಕೋ.

ಹಳೆ_ಜಾಯ್‌ಸ್ಟಿಕ್:
@ಸುಮ್ನೆಒಬ್ಳು ಹಹ, ಅದು ಬೇಕಂತಲೇ ಮಾಡಿರೋ ಕೀಟಲೆ. ಇದನ್ನ ಮಾಡಿದ ಕೇಟಾ ತಕಾಹಾಶಿ ಓದಿದ್ದು ಶಿಲ್ಪಕಲೆ, ಗೇಮಿನ ಮಾಮೂಲಿ ರೂಲ್ಸ್ ಬಗ್ಗೆ ಆ ಮನುಷ್ಯಂಗೆ ಅಷ್ಟೇನೂ ಭಕ್ತಿ ಇದ್ದಂಗಿಲ್ಲ.

ಉಂಡೆರಾಯ:
ಡ್ಯಾಶು ಬಂತು! ಆ ಹಾರೋದು ಇನ್ನೂ ಬರ್ತಿಲ್ಲ, ಒತ್ತೋವಾಗ ಸ್ಟಿಕ್ ಅಲ್ಲಾಡಿ ಉಂಡೆ ಇನ್ನೆಲ್ಲಿಗೋ ಹೋಗುತ್ತೆ. ಸದ್ಯಕ್ಕೆ ಹಳೇದ್ರಲ್ಲೇ ಇರ್ತೀನಿ. ಅಂದಹಾಗೆ ಎರಡನೇ ಭಾಗದ ರೀರೋಲ್ 2023ರಲ್ಲಿ ಬಂತಲ್ಲ, ಅದ್ರಲ್ಲೂ ಕಂಟ್ರೋಲ್ ಹಿಂಗೇನಾ?

ಸುಮ್ನೆಒಬ್ಳು:
ಹೂಂ ಹಿಂಗೇ. ಇದನ್ನ ಮುಗಿಸಿಯೇ ಅದಕ್ಕೆ ಹೋಗಿ, ಯಾಕಂದ್ರೆ ಅದ್ರ ಕಥೆಯೇ ಮೊದಲ ಗೇಮಿನ ಫ್ಯಾನ್‌ಗಳು ಬಂದು ರಾಜನ್ನ ಅದು ಮಾಡ್ಕೊಡು ಇದು ಮಾಡ್ಕೊಡು ಅಂತ ಪೀಡಿಸೋದು.