ಸಹಾಯ ಬೇಕು: ಹುಬ್ಬಳ್ಳಿ ಕಾನ್ಫರೆನ್ಸ್ ಮುಗಿಸಿ ಬಾದಾಮಿಗೆ, ಲ್ಯಾಪ್‌ಟಾಪ್ ಸಮೇತ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಆಫೀಸ್ ಕಡೆಯಿಂದ ಹುಬ್ಬಳ್ಳಿಯಲ್ಲಿ ಮೂರು ದಿನದ ಕಾನ್ಫರೆನ್ಸ್ ಇದೆ. ಶುಕ್ರವಾರ ನಾಲ್ಕಕ್ಕೆ ಮುಗಿಯುತ್ತದೆ. ಬೆಂಗಳೂರಿಗೆ ವಾಪಸ್ ಟಿಕೆಟ್ ಭಾನುವಾರ ರಾತ್ರಿಗೆ ಹಾಕಿಸಿಕೊಂಡಿದ್ದೇನೆ. ನಡುವಿನ ಎರಡು ರಾತ್ರಿಯ ಖರ್ಚು ನನ್ನದೇ. ಅಷ್ಟು ದೂರ ಹೋಗಿ ಬಾದಾಮಿ ನೋಡದೆ ಬಂದರೆ ಹೇಗೆ, ಅಲ್ವಾ?

ಹುಬ್ಬಳ್ಳಿಯಿಂದ ಬಾದಾಮಿ ನೂರು ಕಿ.ಮೀ. ಚಿಲ್ಲರೆ. ಶುಕ್ರವಾರ ಸಂಜೆಯೇ ಗದಗ ಮೇಲೆ ಹೋಗುವ ರೈಲು ಹಿಡಿಯಲೋ, ಬಸ್ಸೋ? ರಾತ್ರಿ ತಡವಾಗಿ ಇಳಿದರೆ ಸ್ಟೇಷನ್‌ನಿಂದ ಊರೊಳಗೆ ಆಟೋ ಸಿಗುತ್ತದಾ? ಸ್ಟೇಷನ್ ಊರಿನಿಂದ ಸುಮಾರು ಐದು ಕಿ.ಮೀ. ದೂರ, ಅದೇ ಚಿಂತೆ.

ಶನಿವಾರ ಬೆಳಿಗ್ಗೆ ಗುಹೆಗಳು, ಸಂಜೆ ಅಗಸ್ತ್ಯ ಕೆರೆ ದಂಡೆಯ ಭೂತನಾಥ ದೇವಸ್ಥಾನ. 578ರ ಶಾಸನ ಇರುವ ಮೂರನೇ ಗುಹೆಯಲ್ಲಿ ಸುಮ್ನೆ ಒಂದು ಗಂಟೆ ಕೂರುವ ಆಸೆ. ಮೂರು ದಿನ ಸ್ಲೈಡ್ ನೋಡಿದ ಕಣ್ಣಿಗೆ ಅಷ್ಟಾದರೂ ಬೇಕು. ಭಾನುವಾರ ಪಟ್ಟದಕಲ್ಲು, ಐಹೊಳೆ ಎರಡೂ ಮುಗಿಸಿ ರಾತ್ರಿ ರೈಲಿಗೆ ಹುಬ್ಬಳ್ಳಿ ಮುಟ್ಟಬಹುದಾ? ಇಲ್ಲವಾದರೆ ಐಹೊಳೆ ಬಿಡುತ್ತೇನೆ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಮಾತ್ರ ಬಿಡಲ್ಲ.

ಮುಖ್ಯ ತಲೆನೋವು ಲಗೇಜು. ಕಂಪನಿ ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಬಾದಾಮಿ ಮಂಗಗಳ ಮುಂದೆ ಓಡಾಡುವ ಧೈರ್ಯ ನನಗಿಲ್ಲ. ಭಾನುವಾರ ರೂಮ್ ಖಾಲಿ ಮಾಡಿದ ಮೇಲೆ ಲಾಡ್ಜ್‌ನವರು ಬ್ಯಾಗ್ ಇಟ್ಟುಕೊಳ್ಳುತ್ತಾರಾ? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ. ಒಂದು ದಿನದ ಕಾರಿಗೆ ಎಷ್ಟು ಕೊಟ್ಟಿರಿ ಅಂತಲೂ ತಿಳಿಸಿ.

ಬನಶಂಕರಿ ಗುಡಿ ಹತ್ತಿರ ಬುಟ್ಟಿಯಲ್ಲಿ ಜೋಳದ ರೊಟ್ಟಿ ಊಟ ತರುವ ಅಮ್ಮಂದಿರು ಎಷ್ಟು ಹೊತ್ತಿನವರೆಗೆ ಇರುತ್ತಾರೆ?