ಹಸುವಿಗೆ ಅರ್ಜಿ ಕೊಟ್ಟಾಯ್ತು, ಜೇನಿಗೆ ಯಾರ ಹತ್ತಿರ ಹೋಗಲಿ?

ತೋಡಿನಕರೆ:
ನಮ್ಮ ಮನೆ ಭಾಗಮಂಡಲದಿಂದ ಸ್ವಲ್ಪ ಮೇಲೆ. ಹೋದ ವಾರ ರಾತ್ರಿ ಗುಡ್ಡದ ಬರೆ ಕುಸಿದು ಕೊಟ್ಟಿಗೆ ಮೇಲೆ ಬಿತ್ತು. ಹಾಲು ಕೊಡುತ್ತಿದ್ದ ಗಂಗೆಯೂ ಹೋದಳು, ಅವಳ ಕರುವೂ ಹೋಯಿತು. ಡಾಕ್ಟರು ಬಂದು ಗಂಗೆಯ ಕಿವಿಯ ಕೆಸರು ಒರೆಸಿ, ಹಳದಿ ಓಲೆಯ ನಂಬರ್ ಬರೆದುಕೊಂಡರು. ಪೋಸ್ಟ್‌ಮಾರ್ಟಂ, ಮಹಜರು ಎಲ್ಲ ಆಯಿತು.

ಕೆಳಗೆ ತೋಡಿನ ಪಕ್ಕ 14 ಜೇನು ಪೆಟ್ಟಿಗೆ ಇಟ್ಟಿದ್ದೆ, ಎಲ್ಲ ತುಡುವೆ. 13 ಕೊಚ್ಚಿಹೋದವು. ಒಂದು ಮಾತ್ರ ಸಿಲ್ವರ್ ಮರದ ಬುಡಕ್ಕೆ ಸಿಕ್ಕಿಕೊಂಡಿತ್ತು. ಮುಚ್ಚಳ ತೆಗೆದರೆ ಅಡಿಯಲ್ಲಿ ಬೆರಳಗಲ ಕೆಸರು. ಮೇಲಿನ ಎರಿಯ ಮೂಲೆಯಲ್ಲಿ ಒಂದು ಮುಷ್ಟಿಯಷ್ಟು ಹುಳ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ರಾಣಿ ಇದ್ದಾಳೆ. ಕರಟದಲ್ಲಿ ಸಕ್ಕರೆ ಪಾಕ ಹಾಕಿ, ಮುಳುಗದ ಹಾಗೆ ಹುಲ್ಲುಕಡ್ಡಿ ಇಟ್ಟಿದ್ದೇನೆ.

ಹಾನಿ ನೋಡಲು ಬಂದವರಿಗೆ ಜೇನಿನ ವಿಷಯ ಹೇಳಿದೆ. "ಅದು ಹಾರಿಹೋಗಿರುತ್ತೆ ಬಿಡಿ" ಅಂದರು. ಆ ಮಳೆಯಲ್ಲಿ, ಆ ಕತ್ತಲಲ್ಲಿ ಎಲ್ಲಿಗೆ ಹಾರುತ್ತೆ? ಹಾಲಿನ ದುಡ್ಡು ತಿಂಗಳ ಖರ್ಚಿಗೆ, ಮಗಳ ಕಾಲೇಜು ಫೀಸು ಜೇನಿನದ್ದು. ಜೇನಿಗೂ ಪರಿಹಾರ ಸಿಗುತ್ತಾ?

ಹಳೇ ಕಾಂಪೌಂಡರ್:
ಅಕ್ಕ, ಮೊದಲು ಹಸುವಿನ ವಿಷಯ. ವಿಪತ್ತು ಪರಿಹಾರ ನಿಧಿಯ 2022-26ರ ದರದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ. ಎತ್ತಿಗೆ 32,000, ಕರುವಿಗೆ 20,000. ಒಂದು ಮನೆಗೆ ದೊಡ್ಡ ಕರಾವು ಮೂರರವರೆಗೆ. ಕರುವಿನ ಹೆಸರು ಮಹಜರಿನಲ್ಲಿ ಬೇರೆಯಾಗಿ ಇದೆಯಾ ನೋಡಿ. ಎಷ್ಟೋ ಸಲ ತಾಯಿಯದ್ದು ಮಾತ್ರ ಬರೆದಿರುತ್ತಾರೆ. ಕೊಟ್ಟಿಗೆ ಮನೆಗೆ ಸೇರಿದಂತೆ ಇದ್ದರೆ ಅದಕ್ಕೂ 3,000 ಇದೆ, ಬಿಡಬೇಡಿ.

ಜೇನು ಆ ಪಟ್ಟಿಯಲ್ಲಿ ಇಲ್ಲ. ಕೋಳಿಗೂ ತಲೆಗೆ 100 ರೂಪಾಯಿ ಇದೆ, ಜೇನಿಗೆ ಒಂದು ಸಾಲೂ ಇಲ್ಲ. ಇದು ನನಗೂ ಬೇಜಾರಿನ ವಿಷಯ.

ಕಾಫಿಹೂವು:
ಇಲ್ಲ ಅಂತ ಸುಮ್ನೆ ಕೂರಬೇಡಿ ಅಕ್ಕ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ನಿಯಮದಲ್ಲಿ ಇದ್ದದ್ದು ಸುಮಾರು 95 ಸಾವಿರ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿ 5 ಲಕ್ಷ ಮಾಡಿತು. ಮನಸ್ಸು ಮಾಡಿದರೆ ದಾರಿ ಇದೆ ಅಲ್ವಾ? ಆದರೆ ಹೋದದ್ದು ಕಾಗದದಲ್ಲಿ ಇರಬೇಕು. ತಹಶೀಲ್ದಾರರಿಗೆ ಅರ್ಜಿ ಕೊಡಿ, ಒಂದು ಪ್ರತಿ ತೋಟಗಾರಿಕೆ ಇಲಾಖೆಗೆ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ. ಸಬ್ಸಿಡಿಯಲ್ಲಿ ತೆಗೆದುಕೊಂಡ ಪೆಟ್ಟಿಗೆ ಆದರೆ ಅವರ ಹತ್ತಿರ ದಾಖಲೆ ಇರುತ್ತದೆ.

ಅಮೆರಿಕದಲ್ಲಿ ಇಲಾಪ್ ಅಂತ ಹಾನಿ ಪರಿಹಾರದ ಯೋಜನೆ ಇದೆ, 2014ರ ಕೃಷಿ ಕಾಯ್ದೆಯಿಂದ ಕಾಯಂ ಆಯಿತು. ದನ, ಮೀನಿನ ಜೊತೆ ಜೇನೂ ಅದರಲ್ಲಿದೆ. ಸತ್ತ ಜೇನು ಕುಟುಂಬ ಬೇರೆ ಲೆಕ್ಕ, ಹಾಳಾದ ಪೆಟ್ಟಿಗೆ ಬೇರೆ ಲೆಕ್ಕ. ಮೊದಲು ಎಷ್ಟಿತ್ತು ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. ನೀವೂ ಹಾಗೇ ಬೇರೆ ಬೇರೆ ಬರೆಯಿರಿ: 13 ಕುಟುಂಬ, 13 ಪೆಟ್ಟಿಗೆ, ಸ್ಟ್ಯಾಂಡು.

1991-92ರಲ್ಲಿ ಜೇನುಮರಿಗಳನ್ನು ಸಾಯಿಸುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ನಮ್ಮ ತಂದೆಯ ಪೆಟ್ಟಿಗೆಗಳೆಲ್ಲ ಖಾಲಿಯಾದವು. ಎಷ್ಟು ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಅವರು ಮತ್ತೆ ಜೇನು ಸಾಕಲೇ ಇಲ್ಲ.

ತೋಡಿನಕರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಹಜರು ನೋಡಿದೆ, ಕರು ಇರಲಿಲ್ಲ. ಇವತ್ತು ಸೇರಿಸಿದರು.

ಮಗಳ ಫೋನಿನಲ್ಲಿ ಏಪ್ರಿಲ್‌ನಲ್ಲಿ ಜೇನು ತೆಗೆದ ದಿನದ ಫೋಟೋ ಸಿಕ್ಕಿತು. ದೊಡ್ಡದು ಮಾಡಿ ಎಣಿಸಿದೆವು. 11 ಪೆಟ್ಟಿಗೆ ಚೆನ್ನಾಗಿ ಕಾಣುತ್ತದೆ, ಮೂರು ಮರದ ಹಿಂದೆ ಇವೆ. ಅದನ್ನೇ ಅರ್ಜಿಗೆ ಲಗತ್ತಿಸುತ್ತೇನೆ. ಉಳಿದ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು, ಬಣ್ಣದಲ್ಲಿ 1 ಅಂತ ಬರೆದೆ. ಬೆಳಿಗ್ಗೆ ಹೊತ್ತಿಗೆ ಕರಟದ ಪಾಕ ಖಾಲಿಯಾಗಿತ್ತು.