ಹಳೆಯ ಸೆಂಟ್‌ಒಎಸ್ 6ರಲ್ಲಿ ನ್ಯಾಸ್ಮ್ ಅಸೆಂಬ್ಲರ್ ಬಿಲ್ಡ್ ಮಾಡುವುದು: ಪ್ರಶ್ನೋತ್ತರ

ಪ್ರಶ್ನೆ (ವಿಡಿಯೊ ಸ್ಟುಡಿಯೊ, ಕಲಬುರಗಿ):

ನಮಸ್ಕಾರ ಸರ್. ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ವಿಡಿಯೊ ಸ್ಟುಡಿಯೊ ಇದೆ. ಶರಣಬಸವೇಶ್ವರ ಜಾತ್ರೆಯ ಉಚ್ಚಾಯಿ ಮತ್ತು ರಥೋತ್ಸವ, ಪುರಾಣ ಪ್ರವಚನಗಳು, ಮದುವೆಗಳು ಹೀಗೆ ಹಳೆಯ ಮಿನಿ ಡಿವಿ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಎಕ್ಸ್264 ಎನ್‌ಕೋಡರ್ ಬಳಸಿ ಚಿಕ್ಕ ಫೈಲುಗಳನ್ನಾಗಿ ಮಾಡಿಕೊಡುವ ಕೆಲಸ ಕೈಯಲ್ಲಿದೆ. ನಮ್ಮ ಕ್ಯಾಪ್ಚರ್ ಕಾರ್ಡಿನ ಡ್ರೈವರ್ 64 ಬಿಟ್ ಸೆಂಟ್‌ಒಎಸ್ 6ರಲ್ಲಿ ಮಾತ್ರ ನಡೆಯುವುದರಿಂದ ಆಪರೇಟಿಂಗ್ ಸಿಸ್ಟಮ್ ಬದಲಿಸುವಂತಿಲ್ಲ. ಎಕ್ಸ್264 ಕಂಪೈಲ್ ಮಾಡಲು (ಸೋರ್ಸ್ ಕೋಡಿನಿಂದ ಪ್ರೋಗ್ರಾಮ್ ತಯಾರಿಸಲು) ಹೋದರೆ, ಅದಕ್ಕೆ ಬೇಕಾದ ಅಸೆಂಬ್ಲರ್ ನ್ಯಾಸ್ಮ್ 2.07 ಸಿಕ್ಕಿದೆ, ಕನಿಷ್ಠ 2.13 ಬೇಕು ಎಂದು ಹೇಳಿ ನಿಂತುಬಿಡುತ್ತದೆ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿರುವ ನ್ಯಾಸ್ಮ್ ಫೈಲನ್ನೇ ತಂದು ಹಾಕಿದಾಗ, ಲಿನಕ್ಸಿನ ಪ್ರೋಗ್ರಾಮುಗಳು ಬಳಸುವ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ 2.14 ಸಿಗಲಿಲ್ಲ ಎಂಬ ಎರರ್ ಬಂತು. ಗಿಟ್‌ಹಬ್‌ನಿಂದ ಸೋರ್ಸ್ ಜಿಪ್ ಇಳಿಸಿಕೊಂಡರೆ ಅದರಲ್ಲಿ ಬಿಲ್ಡ್‌ಗೆ ಸಿದ್ಧತೆ ಮಾಡುವ ಕಾನ್ಫಿಗರ್ ಫೈಲೇ ಇಲ್ಲ. ದಯವಿಟ್ಟು ದಾರಿ ತಿಳಿಸಿ.

ಉತ್ತರ (ಸಿಸ್ಟಮ್ ಎಂಜಿನಿಯರ್, ಬೀದರ್):

ನಮಸ್ಕಾರ ಸರ್. ದಾರಿ ಇದೆ, ಅದಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಮುಟ್ಟುವ ಅಗತ್ಯವೂ ಇಲ್ಲ. ನ್ಯಾಸ್ಮ್ ಎಂಬುದು ಸಿ ಭಾಷೆಯಲ್ಲಿ ಬರೆದ, ಹೊರಗಿನ ಲೈಬ್ರರಿಗಳನ್ನು ಹೆಚ್ಚು ನೆಚ್ಚಿಕೊಳ್ಳದ ಪ್ರೋಗ್ರಾಮ್ ಆಗಿರುವುದರಿಂದ, ಸೆಂಟ್‌ಒಎಸ್ 6ರ ಜೊತೆಗೆ ಬಂದಿರುವ ಜಿಸಿಸಿ 4.4.7 ಕಂಪೈಲರ್ ಅದಕ್ಕೆ ಸಾಕಾಗುತ್ತದೆ.

ಮೊದಲು ಜಿಲಿಬ್‌ಸಿ ಎರರ್ ವಿಷಯ. ಸೆಂಟ್‌ಒಎಸ್ 6ರಲ್ಲಿರುವ ಜಿಲಿಬ್‌ಸಿ 2.12. ನಿಮ್ಮ ಲ್ಯಾಪ್‌ಟಾಪಿನ ನ್ಯಾಸ್ಮ್ ಅದಕ್ಕಿಂತ ಹೊಸ ಜಿಲಿಬ್‌ಸಿ ಇರುವ ಯಂತ್ರದಲ್ಲಿ ತಯಾರಾದ ಕಾರಣ, ಮೆಮ್‌ಸಿಪಿವೈನಂತಹ ತೀರಾ ಸಾಮಾನ್ಯ ಫಂಕ್ಷನ್ನಿಗೂ 2.14ರ ಆವೃತ್ತಿಯನ್ನೇ ಕೇಳುತ್ತದೆ. ಹಳೆಯ ಯಂತ್ರದಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಮ್ ಸಾಮಾನ್ಯವಾಗಿ ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಈ ಎರರ್ ಕಂಡವರು ಜಿಲಿಬ್‌ಸಿಯನ್ನೇ ಮೇಲ್ದರ್ಜೆಗೆ ಏರಿಸಲು ಹೊರಡುವುದುಂಟು. ದಯವಿಟ್ಟು ಆ ಸಾಹಸಕ್ಕೆ ಕೈ ಹಾಕಬೇಡಿ. ಸಿಸ್ಟಮ್ಮಿನ ಪ್ರತಿಯೊಂದು ಕಮಾಂಡೂ ಅದರ ಮೇಲೆಯೇ ನಿಂತಿರುವುದರಿಂದ, ಅರ್ಧಕ್ಕೆ ಕೆಟ್ಟರೆ ಫೈಲುಗಳ ಪಟ್ಟಿ ನೋಡುವ ಕಮಾಂಡ್ ಕೂಡ ಓಡುವುದಿಲ್ಲ.

ಗಿಟ್‌ಹಬ್ ಜಿಪ್‌ನಲ್ಲಿ ಕಾನ್ಫಿಗರ್ ಇಲ್ಲದಿರುವುದು ಸಹಜ. ಅದು ಡೆವಲಪರ್‌ಗಳು ತಿದ್ದುವ ಕಚ್ಚಾ ಸೋರ್ಸ್. ಅದರಿಂದ ಕಾನ್ಫಿಗರ್ ಹುಟ್ಟಿಸಲು ಆಟೊಕಾನ್ಫ್ ಬೇಕು, ಪ್ರೊಸೆಸರ್ ಸೂಚನೆಗಳ ಕೋಷ್ಟಕಗಳನ್ನು ತಯಾರಿಸಲು ಪರ್ಲ್ ಬೇಕು. ನಿಮ್ಮಲ್ಲಿರುವ ಆಟೊಕಾನ್ಫ್ 2.63 ಹಳೆಯದು. ಇದರ ಬದಲು ನ್ಯಾಸ್ಮ್‌ನ ಸ್ವಂತ ಜಾಲತಾಣದಲ್ಲಿ ಸಿಗುವ ಬಿಡುಗಡೆಯ ಟಾರ್ ಫೈಲನ್ನು (ಜಿಪ್‌ನಂತೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ್ದು) ತೆಗೆದುಕೊಂಡರೆ, ಅದರಲ್ಲಿ ಕಾನ್ಫಿಗರ್ ಮತ್ತು ಕೋಷ್ಟಕಗಳು ಸಿದ್ಧವಾಗಿಯೇ ಬಂದಿರುತ್ತವೆ. ನನ್ನ ಸಲಹೆ 2018ರ ಡಿಸೆಂಬರಿನಲ್ಲಿ ಹೊರಬಂದ 2.14.02. ಎಕ್ಸ್264ಗೆ ಬೇಕಾದ್ದೆಲ್ಲ ಅದರಲ್ಲಿದೆ. ಅದಕ್ಕಿಂತ ಹೊಸದು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಇಷ್ಟು ಹಳೆಯ ಕಂಪೈಲರಿನ ಮೇಲೆ ಅದನ್ನು ಹೇರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಹಳೆಯ ಯಂತ್ರದಿಂದಲೇ ಡೌನ್‌ಲೋಡ್ ಮಾಡಲು ಹೋದರೆ, ಅದರಲ್ಲಿರುವ ವಿಗೆಟ್ ಮತ್ತು ಸರ್ಟಿಫಿಕೇಟುಗಳು ಇಂದಿನ ಎಷ್ಟೋ ಜಾಲತಾಣಗಳಿಗೆ ಒಗ್ಗದೆ ತಕರಾರು ಮಾಡುತ್ತವೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತನ್ನಿ. ಆದರೆ ಟಾರ್ ಫೈಲನ್ನು ಲ್ಯಾಪ್‌ಟಾಪಿನಲ್ಲಿ ಬಿಚ್ಚಿ ಫೋಲ್ಡರ್ ತರಬೇಡಿ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಫಾರ್ಮ್ಯಾಟ್ ಲಿನಕ್ಸಿನ ಅನುಮತಿಗಳನ್ನು ಉಳಿಸಿಕೊಳ್ಳುವುದಿಲ್ಲವಾದ್ದರಿಂದ, ಟಾರ್ ಫೈಲನ್ನು ಹಾಗೆಯೇ ತಂದು ಹಾರ್ಡ್ ಡಿಸ್ಕಿನಲ್ಲಿ ಬಿಚ್ಚಬೇಕು.

ಜಿಸಿಸಿ ಮತ್ತು ಬಿಲ್ಡ್ ನಡೆಸುವ ಮೇಕ್ ಇಲ್ಲದಿದ್ದರೆ ಪ್ಯಾಕೇಜುಗಳನ್ನು ಹಾಕುವ ಯಮ್ ಮೂಲಕ ನೇರವಾಗಿ ಬರುವುದಿಲ್ಲ. ಸೆಂಟ್‌ಒಎಸ್ 6ರ ಬೆಂಬಲ 2020ರ ನವೆಂಬರ್ 30ಕ್ಕೆ ಮುಗಿದು, ಅದರ ಪ್ಯಾಕೇಜುಗಳೆಲ್ಲ ವಾಲ್ಟ್ ಎಂಬ ಸಂಗ್ರಹಕ್ಕೆ ಹೋಗಿವೆ. ರೆಪೊ ಫೈಲಿನಲ್ಲಿ ಆ ವಿಳಾಸ ಬರೆಯಬೇಕು, ಇಲ್ಲವೇ ಇನ್‌ಸ್ಟಾಲ್ ಮಾಡಿದ ಡಿವಿಡಿ ಉಳಿದಿದ್ದರೆ ಅದರಿಂದಲೇ ಹಾಕಿಕೊಳ್ಳಬಹುದು. ನಾನಾದರೆ ಡಿವಿಡಿಯನ್ನೇ ಹುಡುಕುತ್ತೇನೆ. ಭದ್ರತಾ ಅಪ್‌ಡೇಟುಗಳು ನಿಂತುಹೋದ ಯಂತ್ರವನ್ನು ಇಂಟರ್ನೆಟ್ಟಿನಿಂದ ದೂರ ಇಡುವುದೇ ಒಳ್ಳೆಯದು.

ಉಳಿದದ್ದು ಸುಲಭ. ಬಿಚ್ಚಿದ ಫೋಲ್ಡರಿನ ಒಳಗೆ ಹೋಗಿ ಸಾಮಾನ್ಯ ಬಳಕೆದಾರನಾಗಿಯೇ ಕಾನ್ಫಿಗರ್ ಓಡಿಸಿ, ಬಳಿಕ ಮೇಕ್ ಕೊಡಿ, ಕೊನೆಗೆ ಮೇಕ್ ಇನ್‌ಸ್ಟಾಲ್ ಒಂದನ್ನು ಮಾತ್ರ ರೂಟ್ (ಆಡಳಿತಗಾರ) ಅಧಿಕಾರದಲ್ಲಿ ಕೊಡಿ. ಬೇರೇನೂ ಹೇಳದಿದ್ದರೆ ಅದು ಯೂಸರ್ ಲೋಕಲ್ (/usr/local) ಫೋಲ್ಡರಿನ ಒಳಗೆ ಕೂರುವುದರಿಂದ ಹಳೆಯ 2.07 ತನ್ನ ಜಾಗದಲ್ಲಿ ಹಾಗೆಯೇ ಇರುತ್ತದೆ. ಏನಾದರೂ ತಪ್ಪಿತೆಂದು ಮೇಕ್ ಸ್ಪಾಟ್‌ಲೆಸ್ ಕೊಡಬೇಡಿ, ಅದು ಸಿದ್ಧ ಕೋಷ್ಟಕಗಳನ್ನೂ ಅಳಿಸಿ ಮತ್ತೆ ಪರ್ಲ್ ಕೇಳುತ್ತದೆ.

ಮರುಪ್ರಶ್ನೆ (ಅದೇ ಸ್ಟುಡಿಯೊ):

ಧನ್ಯವಾದ ಸರ್, ನ್ಯಾಸ್ಮ್ ಇನ್‌ಸ್ಟಾಲ್ ಆಗಿದೆ. ಆದರೆ ಎರಡು ವಿಚಿತ್ರಗಳಿವೆ. ಮೇಕ್ ಓಡುವಾಗ ಫೈಲುಗಳ ಸಮಯ ಭವಿಷ್ಯದಲ್ಲಿದೆ, ಕ್ಲಾಕ್ ಸ್ಕ್ಯೂ ಕಂಡಿದೆ ಎಂಬ ಎಚ್ಚರಿಕೆಗಳು ಬರುತ್ತಲೇ ಇದ್ದವು. ಮೇಕ್ ಇನ್‌ಸ್ಟಾಲ್ ಕೊಟ್ಟಾಗ ಎಲ್ಲವೂ ಮೊದಲಿನಿಂದ ಮತ್ತೆ ಕಂಪೈಲ್ ಆಯಿತು. ಇನ್ನೊಂದು, ಟರ್ಮಿನಲ್ಲಿನಲ್ಲಿ ಆವೃತ್ತಿ ಕೇಳಿದರೆ 2.14.02 ಎನ್ನುತ್ತದೆ, ಆದರೆ ಎಕ್ಸ್264ರ ಕಾನ್ಫಿಗರನ್ನು ಸುಡೊ (ರೂಟ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಓಡಿಸಿದರೆ ಈಗಲೂ 2.07 ಎಂದೇ ಹೇಳುತ್ತದೆ.

ಉತ್ತರ:

ಡೇಟ್ ಕಮಾಂಡ್ ಕೊಟ್ಟು ನೋಡಿ. ನಿಮ್ಮ ಯಂತ್ರ 2018ಕ್ಕಿಂತ ಹಿಂದಿನ ಯಾವುದೋ ವರ್ಷದಲ್ಲಿ ಕುಳಿತಿರಬೇಕು. ಮೇಕ್ ಫೈಲಿನ ಒಳಗೆ ಏನಿದೆ ಎಂದು ನೋಡುವುದಿಲ್ಲ, ಸಮಯವನ್ನಷ್ಟೇ ಹೋಲಿಸುತ್ತದೆ. ಟಾರ್ ಒಳಗಿನ ಸಿ ಫೈಲುಗಳಿಗೆ 2018ರ ಮುದ್ರೆ ಇದ್ದು, ಅವುಗಳಿಂದ ಈಗ ತಯಾರಾದ ಆಬ್ಜೆಕ್ಟ್ ಫೈಲಿಗೆ ಅದಕ್ಕಿಂತ ಹಿಂದಿನ ದಿನಾಂಕ ಬಿದ್ದರೆ, ಸೋರ್ಸ್ ಬದಲಾಗಿದೆ ಎಂದೇ ತಿಳಿದು ಅದು ಪ್ರತಿ ಸಲವೂ ಹೊಸದಾಗಿ ಕಂಪೈಲ್ ಮಾಡುತ್ತದೆ. ಕಾರಣ ಬಹುತೇಕ ಮದರ್‌ಬೋರ್ಡಿನ ಗುಂಡಿಯಂತಹ ಸೆಲ್. ಇಂತಹ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಸಿಆರ್ 2032, ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, ಅದನ್ನು ಹಾರ್ಡ್‌ವೇರ್ ಗಡಿಯಾರಕ್ಕೂ ಬರೆದ ಮೇಲೆ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಟಾರ್ ಫೈಲನ್ನು ಹೊಸದಾಗಿ ಬಿಚ್ಚಿ ಮತ್ತೊಮ್ಮೆ ಕಾನ್ಫಿಗರ್ ಓಡಿಸಿ ಮೇಕ್ ಕೊಡಿ. ನಿಮ್ಮ ಟೇಪುಗಳಿಂದ ಇಳಿಸಿದ ಫೈಲುಗಳ ದಿನಾಂಕವೂ ತಪ್ಪಿರುತ್ತದೆ, ಅದನ್ನೂ ಗಮನಿಸಿಕೊಳ್ಳಿ.

ಎರಡನೆಯದು ಸುಡೊ ಮಾಡಿದ ಕೆಲಸ. ಸೆಂಟ್‌ಒಎಸ್ 6ರ ಸುಡೊಅರ್ಸ್ ಫೈಲಿನಲ್ಲಿ ಸೆಕ್ಯೂರ್ ಪಾತ್ ಎಂಬ ಸಾಲಿದ್ದು, ಸುಡೊ ಮೂಲಕ ಓಡುವ ಕಮಾಂಡಿಗೆ ನಿಮ್ಮ ಪಾತ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಬದಲು ಅಲ್ಲಿರುವ ಫೋಲ್ಡರುಗಳ ಪಟ್ಟಿಯೇ ಸಿಗುತ್ತದೆ. ಆ ಪಟ್ಟಿಯಲ್ಲಿ ಯೂಸರ್ ಲೋಕಲ್ ಬಿನ್ ಇಲ್ಲದ ಕಾರಣ ಹೊಸ ನ್ಯಾಸ್ಮ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪಟ್ಟಿ ತಿದ್ದುವ ಗೊಡವೆ ಬೇಡ. ಕಾನ್ಫಿಗರ್ ಮತ್ತು ಮೇಕ್‌ಗೆ ರೂಟ್ ಅಧಿಕಾರ ಬೇಕಿಲ್ಲ, ಸುಡೊ ಬಿಟ್ಟು ಓಡಿಸಿದರೆ ಮುಗಿಯಿತು.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಯಾದಗಿರಿ):

ಸರ್, ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಹೊಸ ನ್ಯಾಸ್ಮ್ ಬೇಕಾಗಿರುವುದು ಎವಿಎಕ್ಸ್-512 ಎಂಬ ಹೊಸ ಪ್ರೊಸೆಸರ್ ಸೂಚನೆಗಳಿಗಾಗಿ ಎಂದು ಓದಿದ್ದೇನೆ. ಸ್ಟುಡಿಯೊದ ಅಣ್ಣನವರ ಹಳೆಯ ಪ್ರೊಸೆಸರಿನಲ್ಲಿ ಆ ಸೂಚನೆಗಳೇ ಇರುವುದಿಲ್ಲವಲ್ಲ? ಹಾಗಿದ್ದರೆ ಅಸೆಂಬ್ಲಿ ಬೇಡವೆಂದು ಹೇಳುವ ಆಯ್ಕೆಯನ್ನು ಕೊಟ್ಟು ಈ ತೊಂದರೆಯನ್ನೇ ತಪ್ಪಿಸಿಕೊಳ್ಳಬಹುದಿತ್ತಲ್ಲವೇ?

ಉತ್ತರ:

ಒಳ್ಳೆಯ ಪ್ರಶ್ನೆ ತಮ್ಮಾ. ಅಸೆಂಬ್ಲರಿನ ಕೆಲಸ ಸೂಚನೆಯನ್ನು ಬೈಟುಗಳಾಗಿ ಬರೆಯುವುದು ಮಾತ್ರ, ಅದನ್ನು ನಡೆಸುವುದಲ್ಲ. ಎವಿಎಕ್ಸ್-512 ಬಳಸುವ ಜಡ್‌ಎಂಎಂ ರಿಜಿಸ್ಟರುಗಳ ಸೂಚನೆಯನ್ನು ಯಾವ ಹಳೆಯ ಪ್ರೊಸೆಸರಿನ ಮೇಲೆ ಬೇಕಾದರೂ ಬೈಟುಗಳಾಗಿ ಬರೆಯಬಹುದು. ಎಕ್ಸ್264ರ ಕಾನ್ಫಿಗರ್ ಮಾಡುವ ಪರೀಕ್ಷೆಯೂ ಇದೇ. ಅದು ಆವೃತ್ತಿ ಸಂಖ್ಯೆಯನ್ನು ನೋಡಿ ತೀರ್ಮಾನಿಸುವುದಿಲ್ಲ. ಮಾಸ್ಕ್ ಸಹಿತವಾದ ಒಂದು ಎವಿಎಕ್ಸ್-512 ಸೂಚನೆಯನ್ನು ಅಸೆಂಬ್ಲರಿಗೆ ಕೊಟ್ಟು, ಅದು ಅರ್ಥವಾಗದಿದ್ದಾಗ ಮಾತ್ರ ಆವೃತ್ತಿಯ ಮಾತು ಎತ್ತುತ್ತದೆ. ಪ್ರೊಸೆಸರ್ ಯಾವುದು ಎಂಬ ವಿಚಾರಣೆ ನಡೆಯುವುದು ಬಹಳ ತಡವಾಗಿ, ಎನ್‌ಕೋಡರ್ ಓಡಲು ಶುರುವಾದಾಗ. ಆಗ ಅದು ಸಿಪಿಯುಐಡಿ ಸೂಚನೆಯ ಮೂಲಕ ಪ್ರೊಸೆಸರನ್ನೇ ಕೇಳಿ, ಎಸ್‌ಎಸ್‌ಇ2, ಎಸ್‌ಎಸ್‌ಎಸ್‌ಇ3 ಹೀಗೆ ಅದಕ್ಕೆ ತಿಳಿದಿರುವ ಸೂಚನೆಗಳ ಫಂಕ್ಷನ್‌ಗಳನ್ನು ಆರಿಸಿಕೊಳ್ಳುತ್ತದೆ. ಎವಿಎಕ್ಸ್-512ರ ಫಂಕ್ಷನ್‌ಗಳು ಫೈಲಿನಲ್ಲಿದ್ದರೂ ಯಾರೂ ಕರೆಯದೆ ಸುಮ್ಮನೆ ಬಿದ್ದಿರುತ್ತವೆ.

ಅಸೆಂಬ್ಲಿ ಬೇಡವೆಂದರೆ ಇವೆಲ್ಲವೂ ಒಟ್ಟಿಗೆ ಹೋಗುತ್ತವೆ. ಒಂದೊಂದು ಚೌಕದ ಪಿಕ್ಸೆಲ್‌ಗಳನ್ನು ಹಿಂದಿನ ಚಿತ್ರದ ಪಿಕ್ಸೆಲ್‌ಗಳೊಂದಿಗೆ ಹೋಲಿಸುವುದು ಎನ್‌ಕೋಡರಿನ ಬಹುಪಾಲು ದುಡಿಮೆ. ಎಸ್‌ಎಸ್‌ಇ2ರ ಒಂದೇ ಸೂಚನೆ ಹದಿನಾರು ಬೈಟುಗಳ ವ್ಯತ್ಯಾಸವನ್ನು ಒಟ್ಟಿಗೆ ಲೆಕ್ಕ ಹಾಕುವ ಕಡೆ, ಬರೀ ಸಿ ಕೋಡ್ ಅಷ್ಟು ವೇಗವಾಗಿ ನಡೆಯುವುದಿಲ್ಲ. ಹೊಸ ಯಂತ್ರವಾದರೆ ಹೇಗೋ ಸಹಿಸಿಕೊಳ್ಳಬಹುದು, ಆದರೆ ಸ್ಟುಡಿಯೊದವರದು ಮೊದಲೇ ನಿಧಾನವಾದ ಹಳೆಯ ಯಂತ್ರ.

ಸ್ಟುಡಿಯೊದವರೇ, ಬಿಲ್ಡ್ ಮುಗಿದ ಮೇಲೆ ಒಂದು ಚಿಕ್ಕ ತುಣುಕನ್ನು ಎನ್‌ಕೋಡ್ ಮಾಡಿ, ಶುರುವಿನಲ್ಲಿ ಬರುವ ಯೂಸಿಂಗ್ ಸಿಪಿಯು ಕೇಪಬಿಲಿಟೀಸ್ ಎಂಬ ಸಾಲನ್ನು ನೋಡಿ. ಅಲ್ಲಿ ಎಸ್‌ಎಸ್‌ಇ ಹೆಸರುಗಳು ಕಂಡರೆ ಹೊಸ ನ್ಯಾಸ್ಮ್ ಕೆಲಸಕ್ಕೆ ಬಂದಿದೆ. ನನ್ (none) ಎಂದಿದ್ದರೆ ಅಸೆಂಬ್ಲಿ ಇಲ್ಲದೆಯೇ ಬಿಲ್ಡ್ ಆಗಿದೆ ಎಂದರ್ಥ. ಆಗ ಎಕ್ಸ್264ರ ಫೋಲ್ಡರಿನಲ್ಲಿರುವ ಕಾನ್ಫಿಗ್ ಲಾಗ್ ಫೈಲನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.